ಚಂದ್ರನ ಗಾಳಿ ಹುಡುಕಲು ಹೋಗಿ ನೌಕೆಯ ಬೆವರು ಸಿಕ್ಕಿತು

ಮೊದಲ ಗ್ರಾಫ್ ಲ್ಯಾಪ್‌ಟಾಪ್ ಪರದೆ ಮೇಲೆ ಬಂದಾಗ ರಾತ್ರಿ ಹನ್ನೊಂದೂವರೆ. ಕೆಳಗಿನ ಗೆರೆ ಉದ್ದಕ್ಕೂ ಅಣುಗಳ ತೂಕದ ಅಂಕಿಗಳು. 18ರ ಮೇಲೆ ದೊಡ್ಡದೊಂದು ಕಂಬ ಎದ್ದು ನಿಂತಿತ್ತು. ಉಳಿದವೆಲ್ಲ ಅದರ ಮುಂದೆ ಹುಲ್ಲುಕಡ್ಡಿ. 18 ಅಂದರೆ ನೀರಿನ ಅಣುವಿನ ತೂಕ. ಎದೆ ಧಸಕ್ಕೆಂದಿತು. ಚಂದ್ರನ ಸುತ್ತ ಇಷ್ಟೊಂದು ನೀರಾ?

ನೀರು ಹೌದು, ಚಂದ್ರನದ್ದಲ್ಲ. ಚಂದ್ರಯಾನ-2 ನೌಕೆ ಭೂಮಿಯಿಂದ ತನ್ನ ಮೈಗೆ ಅಂಟಿಸಿಕೊಂಡು ಹೋದ ನೀರು. ಹಲವು ಪದರದ ಹೊದಿಕೆ, ತಂತಿ, ಅಂಟು, ಬಣ್ಣ ಎಲ್ಲದರ ಸಂದಿಯಲ್ಲೂ ನಮ್ಮ ಗಾಳಿಯ ತೇವ ಕೂತಿರುತ್ತದೆ. ನಿರ್ವಾತಕ್ಕೆ ಹೋದ ಮೇಲೆ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನ ಹೊರಬರುತ್ತಲೇ ಇರುತ್ತದೆ. ಇದು ಗೊತ್ತಾಗಲು ನನಗೆ ಇನ್ನೂ ಎರಡು ದಿನ ಬೇಕಾಯಿತು. ಆ ಎರಡು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ, ದೇವರ ದಯೆ.

ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಸಂಶೋಧಕಿ ಅಲ್ಲ. ಇದೆಲ್ಲ ಶುರುವಾಗಿದ್ದು 2025ರ ಅಕ್ಟೋಬರ್‌ನಲ್ಲಿ, ಇಸ್ರೋದ ಒಂದು ಸುದ್ದಿಯಿಂದ. 2024ರ ಮೇ 10ರಂದು ಸೂರ್ಯ ಕಾರಿದ ಕಣಗಳ ದೊಡ್ಡ ಅಲೆ ಚಂದ್ರನಿಗೂ ಬಡಿದಿತ್ತು. ಆಗ ಹಗಲಿನ ಕಡೆ ಚಂದ್ರನ ವಾತಾವರಣದ ಒಟ್ಟು ಒತ್ತಡ ಹತ್ತು ಪಟ್ಟಿಗಿಂತ ಜಾಸ್ತಿ ಏರಿದ್ದನ್ನು ಚಂದ್ರಯಾನ-2ರ ಉಪಕರಣ ಕಂಡಿತ್ತಂತೆ. ಹೀಗಾಗುತ್ತದೆ ಅಂತ ಲೆಕ್ಕದಲ್ಲಿ ಹೇಳಿದ್ದರು. ನೇರವಾಗಿ ಅಳೆದಿದ್ದು ಅದೇ ಮೊದಲು.

ಆ ತಾರೀಕು ನನಗೆ ಚೆನ್ನಾಗಿ ನೆನಪಿದೆ. ಮೇ 7ಕ್ಕೆ ನಮ್ಮಲ್ಲಿ ಲೋಕಸಭೆ ಮತದಾನ. ನನಗೆ ಚುನಾವಣಾ ಡ್ಯೂಟಿ ಬಿದ್ದಿತ್ತು. ಆ ಬಿಸಿಲಲ್ಲಿ ಮತಯಂತ್ರ ಕಾದು, ವಾಪಸ್ ಒಪ್ಪಿಸಿ, ಮನೆಗೆ ಬಂದು ಮೂರು ದಿನ ಮಲಗಿದ್ದೆ. ನಾನು ಕೂಲರ್ ಮುಂದೆ ಬಿದ್ದುಕೊಂಡಿದ್ದಾಗ ಮೇಲೆ ಚಂದ್ರನಿಗೂ ಹೊಡೆತ ಬೀಳುತ್ತಿತ್ತು ಅನ್ನೋದು ಓದಿ ನಗು ಬಂತು. ಆಮೇಲೆ ಒಂದು ಹಟ ಹುಟ್ಟಿತು. ಆ ಉಪಕರಣದ ಅಂಕಿಗಳನ್ನು ನನ್ನ ಕಣ್ಣಾರೆ ನೋಡಬೇಕು. ಫೈನಲ್ ಇಯರ್ ಹುಡುಗರಿಗೆ ಪ್ರಾಜೆಕ್ಟ್‌ಗೂ ಆಗುತ್ತದೆ ಅಂತ ನೆಪ ಹೇಳಿಕೊಂಡೆ.

ಮನೆಯಲ್ಲಿ ಅಪ್ಪ ಇದ್ದಾರೆ. ಮೂವತ್ತು ವರ್ಷ ದಾಲ್ ಮಿಲ್ಲಿನಲ್ಲಿ ದುಡಿದವರು. ತೊಗರಿಯ ಊರಲ್ಲಿ ಹುಟ್ಟಿ ಬೇರೇನು ಮಾಡ್ತಾರೆ. ನಾನು ಏನು ಮಾಡುತ್ತಿದ್ದೇನೆ ಅಂತ ಕೇಳಿದರು. ಹೇಳಿದೆ.

"ಚಂದ್ರನ ಮ್ಯಾಲ ಗಾಳೀನೇ ಇಲ್ಲಂತ ನೀನೇ ಹೇಳ್ತಿದ್ದಿಲ್ಲವ್ವಾ. ಇಲ್ಲದ್ದು ಅಳೀಲಾಕ ಏನದ?"

ಪ್ರಶ್ನೆ ಸರಿಯಾಗಿಯೇ ಇತ್ತು. ಎಂಟನೇ ಕ್ಲಾಸಿನಿಂದ ನಾವೆಲ್ಲ ಅದನ್ನೇ ಓದಿದ್ದೇವೆ. ಇಲ್ಲಿ ನಮ್ಮ ಅಂಗಳದಲ್ಲಿ, ಒಂದು ಸೆಂಟಿಮೀಟರ್ ಉದ್ದ ಅಗಲ ಎತ್ತರದ ಡಬ್ಬಿಯಲ್ಲಿ ಗಾಳಿಯ ಅಣುಗಳು ಎಷ್ಟಿರುತ್ತವೆ ಅಂದರೆ, 1ರ ಮುಂದೆ 19 ಸೊನ್ನೆ ಬರೆಯಬೇಕು. ಚಂದ್ರನ ನೆಲದ ಹತ್ತಿರ ಅಂಥದ್ದೇ ಡಬ್ಬಿಯಲ್ಲಿ ಹತ್ತು ಲಕ್ಷವೂ ಇರೋದಿಲ್ಲ. ಹತ್ತು ಲಕ್ಷ ಕೇಳಲು ಜಾಸ್ತಿ ಅನಿಸುತ್ತದೆ. ಆದರೆ ಅಷ್ಟು ವಿರಳವಾದ ಕಡೆ ಒಂದು ಅಣುವಿಗೆ ಇನ್ನೊಂದು ಅಣು ಸಿಗುವುದೇ ಇಲ್ಲ. ನೆಲದಿಂದ ಚಿಮ್ಮುತ್ತದೆ, ಕಲ್ಲೆಸೆದ ಹಾಗೆ ಮೇಲೆ ಹೋಗುತ್ತದೆ, ಮತ್ತೆ ನೆಲಕ್ಕೇ ಬೀಳುತ್ತದೆ. ಗಾಳಿ ಬೀಸೋದು, ಮೋಡ ಕಟ್ಟೋದು, ಸದ್ದು ಕೇಳೋದು ಯಾವುದೂ ಇಲ್ಲ. ಇಂಥ ವಾತಾವರಣಕ್ಕೆ ಎಕ್ಸೋಸ್ಫಿಯರ್ ಅನ್ನುತ್ತಾರೆ. ಭೂಮಿಗೂ ಒಂದಿದೆ, ಆದರೆ ಎಷ್ಟೋ ನೂರು ಕಿಲೋಮೀಟರ್ ಮೇಲೆ. ಚಂದ್ರನಲ್ಲಿ ಅದು ಕಾಲಡಿಯಿಂದಲೇ ಶುರು.

"ಅಂದ್ರ ಮಿಲ್ಲಿನಾಗ ಧೂಳ ಹಾರಿದಂಗ," ಅಂದರು ಅಪ್ಪ. ಒಂದೊಂದೇ ಕಣ. ಹೌದು, ಹೆಚ್ಚುಕಮ್ಮಿ ಹಾಗೇ.

ಅದರಲ್ಲಿ ಏನೇನಿದೆ ಅಂತ ಕೇಳಿದರೆ ಕಥೆ ರುಚಿಯಾಗುತ್ತದೆ. ಹೀಲಿಯಂ ಇದೆ. ಅದು ಬಹುಪಾಲು ಸೂರ್ಯನಿಂದ ಬಂದ ನೆಂಟ. ಹಗುರ, ಬಿಸಿ ತಾಕಿದರೆ ಓಡಿಹೋಗುತ್ತದೆ. ಸೋಡಿಯಂ, ಪೊಟ್ಯಾಸಿಯಂ ಒಂದಿಷ್ಟು. ಇವೆರಡನ್ನೂ 1988ರಲ್ಲಿ ಭೂಮಿಯ ಮೇಲಿಂದ ದೂರದರ್ಶಕದಲ್ಲೇ ಕಂಡುಹಿಡಿದರು. ಎಲ್‌ಇಡಿ ಬರುವ ಮುಂಚೆ ನಮ್ಮ ರಸ್ತೆ ದೀಪಗಳು ಉರಿಯುತ್ತಿದ್ದ ಹಳದಿ ಇದೆಯಲ್ಲ, ಸೋಡಿಯಂ ಹಳದಿ ಅದೇ. ಚಂದ್ರನ ಸುತ್ತ ಅದೇ ಬಣ್ಣ ಬರಿಗಣ್ಣಿಗೆ ಕಾಣದಷ್ಟು ಮಸುಕಾಗಿ ಇದೆ.

ನಾನು ಹುಡುಕಲು ಹೊರಟಿದ್ದು ಆರ್ಗಾನ್-40. ಇದು ಚಂದ್ರನ ಸ್ವಂತ ಆಸ್ತಿ. ಒಳಗಿನ ಬಂಡೆಗಳಲ್ಲಿ ಪೊಟ್ಯಾಸಿಯಂ-40 ಇದೆ. ಅದು ತನ್ನಷ್ಟಕ್ಕೆ ತಾನು ಕ್ಷಯಿಸುತ್ತ ಹೋಗುತ್ತದೆ, ಅದರಲ್ಲಿ ಒಂದು ಪಾಲು ಆರ್ಗಾನ್ ಆಗುತ್ತದೆ. ಇದ್ದದ್ದು ಅರ್ಧಕ್ಕೆ ಇಳಿಯಲು ಸುಮಾರು 125 ಕೋಟಿ ವರ್ಷ ಬೇಕು. ಹಾಗೆ ಹುಟ್ಟಿದ ಅನಿಲ ಬಿರುಕುಗಳಲ್ಲಿ ನುಸುಳಿ ಮೇಲೆ ಬರುತ್ತದೆ. ಅಂದರೆ ಆರ್ಗಾನ್ ಅಳೆಯೋದು ಅಂದರೆ ಚಂದ್ರನ ಹೊಟ್ಟೆಯೊಳಗಿನ ಸದ್ದಿಗೆ ಕಿವಿ ಕೊಟ್ಟ ಹಾಗೆ. ಇನ್ನೊಂದು ಚಂದ ಏನೆಂದರೆ, ಅದು ರಾತ್ರಿ ಮಲಗುತ್ತದೆ. ಚಂದ್ರನ ರಾತ್ರಿಯಲ್ಲಿ ನೆಲ ಸೊನ್ನೆಗಿಂತ 170 ಡಿಗ್ರಿ ಕೆಳಗೆ ಹೋಗುತ್ತದೆ. ಆ ತಣ್ಣನೆ ನೆಲಕ್ಕೆ ಆರ್ಗಾನ್ ಅಂಟಿಕೊಳ್ಳುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ನೆಲ ಬೆಚ್ಚಗಾಗಿ, ಅಂಟಿದ್ದೆಲ್ಲ ಒಮ್ಮೆಲೇ ಎದ್ದು ಹಾರುತ್ತದೆ. ಬೆಳಗಿನ ಜಾವಕ್ಕೆ ಗಂಜ್‌ನಲ್ಲಿ ಹಮಾಲರು ಏಳುವ ಹಾಗೆ. ಆ ಬೆಳಗಿನ ಉಬ್ಬನ್ನು ನೋಡಬೇಕು ಅನ್ನೋದು ನನ್ನ ಆಸೆ.

ಚಂದ್ರಯಾನ-2ರಲ್ಲಿ ಇದನ್ನು ಅಳೆಯುವ ಉಪಕರಣದ ಹೆಸರು ಚೇಸ್-2. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯದವರು ಮಾಡಿದ್ದು. 2019ರ ಸೆಪ್ಟೆಂಬರ್‌ನಲ್ಲಿ ಲ್ಯಾಂಡರ್ ಬಿದ್ದ ಬೇಸರದಲ್ಲಿ ನಾವು ಇಡೀ ಚಂದ್ರಯಾನ-2 ಸೋತಿತು ಅಂದುಕೊಂಡೆವು. ಆರ್ಬಿಟರ್ ಮಾತ್ರ ಸುಮ್ನೆ ತನ್ನ ಪಾಡಿಗೆ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ, ಧ್ರುವದಿಂದ ಧ್ರುವಕ್ಕೆ ಸುತ್ತುತ್ತ ಅಂಕಿ ಕಳಿಸುತ್ತಲೇ ಇತ್ತು. ಅದಕ್ಕೆ ನಾವು ಮಾಡಿದ್ದು ಅನ್ಯಾಯ ಅಂತ ನನಗೆ ಈಗಲೂ ಅನಿಸುತ್ತದೆ.

ಆ ಉಪಕರಣ ಹೇಗೆ ಕೆಲಸ ಮಾಡುತ್ತದೆ ಅಂತ ಅಪ್ಪನಿಗೆ ಹೇಳುವಾಗ ನನಗೇ ಇನ್ನೂ ಚೆನ್ನಾಗಿ ಅರ್ಥವಾಯಿತು. ಒಳಗೆ ಒಂದು ತಂತಿ ಬಿಸಿಯಾಗುತ್ತದೆ, ಎಲೆಕ್ಟ್ರಾನ್ ಉಗುಳುತ್ತದೆ. ಒಳಬಂದ ಅಣುವಿಗೆ ಎಲೆಕ್ಟ್ರಾನ್ ಬಡಿದರೆ ಅದಕ್ಕೆ ವಿದ್ಯುತ್ ಅಂಶ ಬರುತ್ತದೆ. ಆಮೇಲೆ ನಾಲ್ಕು ಸರಳುಗಳ ನಡುವೆ ಅದನ್ನು ಓಡಿಸುತ್ತಾರೆ. ಸರಳುಗಳಿಗೆ ಕೊಟ್ಟ ವೋಲ್ಟೇಜಿಗೆ ತಕ್ಕಂತೆ ಒಂದೇ ತೂಕದ ಕಣ ಮಾತ್ರ ಆ ಕಡೆ ದಾಟುತ್ತದೆ. ಉಳಿದವು ಅಡ್ಡಾದಿಡ್ಡಿ ಹೋಗಿ ಸರಳಿಗೆ ಬಡಿದು ಸಾಯುತ್ತವೆ. ವೋಲ್ಟೇಜ್ ಬದಲಿಸುತ್ತ ಹೋದರೆ 1ರಿಂದ 300ರ ತನಕ ಒಂದೊಂದೇ ತೂಕ ಎಣಿಸಬಹುದು.

"ಜರಡಿ," ಅಂದರು ಅಪ್ಪ. "ಇಡಿ ಬ್ಯಾಳಿ ಒಂದ್ ಕಡೆ, ನುಚ್ಚು ಒಂದ್ ಕಡೆ, ಚುನ್ನಿ ಒಂದ್ ಕಡೆ."

ಇನ್ನು ಅಂಕಿ ತರುವ ಕೆಲಸ. ಬೆಂಗಳೂರು ಹತ್ತಿರ ಬ್ಯಾಲಾಳುವಿನಲ್ಲಿ ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ ಇದೆ. ಅದರ 'ಪ್ರದಾನ್' ಅನ್ನೋ ಜಾಲತಾಣದಲ್ಲಿ ಚಂದ್ರಯಾನ-2ರ ಅಂಕಿಗಳನ್ನು 2020ರ ಡಿಸೆಂಬರ್‌ನಿಂದ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹೆಸರು, ಇಮೇಲ್ ಕೊಟ್ಟು ಖಾತೆ ಮಾಡಿಕೊಂಡರೆ ಆಯಿತು, ದುಡ್ಡಿಲ್ಲ. ಕಾಲೇಜಿನ ಇಂಟರ್ನೆಟ್ ಬಗ್ಗೆ ಏನೂ ಹೇಳುವುದಿಲ್ಲ. ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಇಳಿಸಿಕೊಂಡೆ. ಮಧ್ಯೆ ಎರಡು ಸಲ ಕರೆಂಟ್ ಹೋಯಿತು.

ಮೇ 2024ರ ಆ ಸೂರ್ಯನ ಅಲೆಯ ಅಂಕಿಗಳಿಗೆ ಕೈ ಹಾಕಲಿಲ್ಲ. ಮೊದಲು ಹಳೆಯ, ಶಾಂತ ದಿನಗಳದ್ದು ಸಾಕು ಅಂದುಕೊಂಡೆ. ಕಡತಗಳು ಪಿಡಿಎಸ್-4 ಅನ್ನೋ ಪದ್ಧತಿಯಲ್ಲಿ ಬರುತ್ತವೆ. ಗ್ರಹಗಳ ಅಂಕಿಗಳಿಗೆ ಜಗತ್ತೆಲ್ಲ ಬಳಸುವ ರೂಢಿ ಅದು. ಅಂಕಿಗಳ ಕಡತದ ಜೊತೆ ಒಂದು ಎಕ್ಸ್‌ಎಂಎಲ್ ಚೀಟಿ ಇರುತ್ತದೆ. ಯಾವ ಕಾಲಂ ಏನು, ಯಾವ ಅಳತೆ, ಯಾವ ಹೊತ್ತು, ಎಲ್ಲ ಆ ಚೀಟಿಯಲ್ಲೇ. ನಾನು ಚೀಟಿ ಓದಲಿಲ್ಲ. ಔಷಧಿ ಡಬ್ಬಿ ಮೇಲಿನ ಚೀಟಿ ಯಾರು ಓದ್ತಾರೆ?

ಅದಕ್ಕೆ ತಕ್ಕ ಶಾಸ್ತಿ ಆಯಿತು. ತೂಕ 40ರ, ಅಂದರೆ ಆರ್ಗಾನಿನ ಎಣಿಕೆಯನ್ನು ಸಮಯದ ಜೊತೆ ಗ್ರಾಫ್ ಹಾಕಿ, ನೌಕೆ ಯಾವಾಗ ಹಗಲಿನ ಕಡೆ ಇತ್ತು, ಯಾವಾಗ ರಾತ್ರಿ ಕಡೆ ಇತ್ತು ಅಂತ ಪಕ್ಕಕ್ಕೆ ಗುರುತು ಹಾಕಿದೆ. ಎಲ್ಲ ತಲೆಕೆಳಗು. ರಾತ್ರಿ ಇರಬೇಕಾದಲ್ಲಿ ಆರ್ಗಾನ್ ಏರುತ್ತಿದೆ, ಹಗಲಲ್ಲಿ ಇಳಿಯುತ್ತಿದೆ. ಮೂರು ಸಂಜೆ ಇದರಲ್ಲೇ ಕಳೆದೆ. ಹೊಸ ಸಿದ್ಧಾಂತ ಕಟ್ಟುವ ಹಂತಕ್ಕೆ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

ತಪ್ಪು ಏನೆಂದರೆ ಗಡಿಯಾರ. ಕಡತದ ಸಮಯ ಅಂತಾರಾಷ್ಟ್ರೀಯ ಸಮಯ. ನಾನು ಹಗಲು ರಾತ್ರಿಯ ಪಟ್ಟಿ ಮಾಡಿದ್ದು ನಮ್ಮ ಸಮಯದಲ್ಲಿ. ಐದೂವರೆ ಗಂಟೆ ವ್ಯತ್ಯಾಸ. ನೌಕೆ ಒಂದು ಸುತ್ತು ಹಾಕಲು 118 ನಿಮಿಷದಷ್ಟು ಸಾಕು. ಅಂದರೆ ನಾನು ಮೂರು ಸುತ್ತಿಗೆ ಸ್ವಲ್ಪ ಕಮ್ಮಿ ತಪ್ಪಿದ್ದೆ. ಪೂರ್ತಿ ಮೂರು ಸುತ್ತು ತಪ್ಪಿದ್ದರೆ ಗೊತ್ತೂ ಆಗುತ್ತಿರಲಿಲ್ಲ ನೋಡಿ. ನೌಕೆ ಮತ್ತೆ ಅದೇ ಜಾಗಕ್ಕೆ ಬಂದಿರುತ್ತಿತ್ತು. ಆ ಸ್ವಲ್ಪ ಕಮ್ಮಿಯಿಂದ ಬದುಕಿದೆ.

ಸಮಯ ಸರಿ ಮಾಡಿದ ಮೇಲೂ ಬೆಳಗಿನ ಉಬ್ಬು ಸಿಗಲಿಲ್ಲ. ಈ ಸಲ ತಪ್ಪು ಅಂಕಿಯದ್ದಲ್ಲ, ನನ್ನ ಭೂಗೋಳದ್ದು. ಕಾಗದದ ಮೇಲೆ ಚಂದ್ರನನ್ನು ಬರೆದು, ಸೂರ್ಯನಿಗೆ ಒಂದು ಟಾರ್ಚ್ ಇಟ್ಟು, ಕೊನೆಗೆ ಅಡುಗೆಮನೆಯಿಂದ ಒಂದು ಮೂಸಂಬಿ ತಂದು ಸುತ್ತ ದಾರ ಕಟ್ಟಿ ನೋಡಿದೆ. ನೌಕೆಯ ದಾರಿ ಧ್ರುವಗಳ ಮೇಲೆ ಹಾದುಹೋಗುತ್ತದೆ. ಆ ದಾರಿಯ ತಟ್ಟೆ, ಅಂದರೆ ಸಮತಲ, ನಕ್ಷತ್ರಗಳಿಗೆ ಹೋಲಿಸಿದರೆ ಹೆಚ್ಚುಕಮ್ಮಿ ಅಲುಗುವುದಿಲ್ಲ. ಸೂರ್ಯನ ದಿಕ್ಕು ಮಾತ್ರ ದಿನಕ್ಕೆ ಒಂದು ಡಿಗ್ರಿಯಂತೆ ಸರಿಯುತ್ತದೆ. ಹಾಗಾಗಿ ಕೆಲವು ವಾರ ನೌಕೆ ನಟ್ಟ ನಡು ಹಗಲು, ನಟ್ಟ ನಡು ರಾತ್ರಿ ಮೇಲೆ ಹಾರುತ್ತದೆ. ಆಗ ಹಗಲು ರಾತ್ರಿಯ ಗಡಿ ದಾಟುವುದು ಧ್ರುವಗಳ ಹತ್ತಿರ ಮಾತ್ರ. ನಡುವಿನ ಅಕ್ಷಾಂಶಗಳಲ್ಲಿ ಮುಂಜಾವು ಕಾಣಬೇಕಾದರೆ ಆ ತಟ್ಟೆ ಸೂರ್ಯನಿಗೆ ಅಡ್ಡ ನಿಲ್ಲುವ ತನಕ ಕಾಯಬೇಕು. ಸುಮಾರು ಆರು ತಿಂಗಳಿಗೊಮ್ಮೆ ಅದು ಬರುತ್ತದೆ. ನಾನು ಇಳಿಸಿಕೊಂಡಿದ್ದ ದಿನಗಳು ಅದಲ್ಲ. ಸುಗ್ಗಿ ಅಲ್ಲದ ತಿಂಗಳಲ್ಲಿ ಹೊಲಕ್ಕೆ ಹೋಗಿ ತೊಗರಿ ಎಲ್ಲಿ ಅಂತ ಕೇಳಿದ ಹಾಗಾಯಿತು.

ಅಮೆರಿಕದವರ ಲಾಡೀ ನೌಕೆಗೆ ಈ ತಾಪತ್ರಯ ಇರಲಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಹೋಗಿ 2014ರ ಏಪ್ರಿಲ್‌ನಲ್ಲಿ ಚಂದ್ರನ ಮೇಲೆ ಬಿದ್ದು ಕೆಲಸ ಮುಗಿಸಿದ ಪುಟ್ಟ ನೌಕೆ ಅದು. ಚಂದ್ರನ ಗಾಳಿ ಮತ್ತು ಧೂಳು ನೋಡಲೆಂದೇ ಕಳಿಸಿದ್ದರು. ಅದರ ದಾರಿ ಸಮಭಾಜಕದ ಮೇಲೆ, ಹಾಗಾಗಿ ಸುತ್ತು ಸುತ್ತಿಗೂ ಒಂದು ಮುಂಜಾವು. ನಿಯಾನ್ ಇರುವುದನ್ನು ಖಚಿತ ಮಾಡಿದ್ದು ಅದೇ. ಪೊಟ್ಯಾಸಿಯಂ ಜಾಸ್ತಿ ಇರುವ ಪಶ್ಚಿಮದ ಕಪ್ಪು ಬಯಲುಗಳ ಮೇಲೆ ಆರ್ಗಾನ್ ಕೂಡ ದಟ್ಟವಾಗಿದೆ ಅಂತ ತೋರಿಸಿದ್ದೂ ಅದೇ. ಆದರೆ ಸಮಭಾಜಕದಿಂದ ದೂರ ಏನಿದೆ ಅದಕ್ಕೆ ಕಾಣಲಿಲ್ಲ. ಚೇಸ್-2 ಆ ಕೊರತೆ ತುಂಬಿತು. ಉತ್ತರ ದಕ್ಷಿಣ ಎರಡೂ ಕಡೆ 60 ಡಿಗ್ರಿ ತನಕ ಆರ್ಗಾನ್ ಹೇಗೆ ಹರಡಿದೆ ಅಂತ ಇಸ್ರೋದವರು 2022ರಲ್ಲಿ ಪ್ರಕಟಿಸಿದರು. ಕೆಲವು ಕಡೆ ಆರ್ಗಾನ್ ಗುಡ್ಡೆ ಹಾಕಿದ ಹಾಗೆ ಉಬ್ಬಿದೆ, ದಕ್ಷಿಣ ಧ್ರುವದ ಕಡೆಯ ಆ ದೊಡ್ಡ ಏಟ್‌ಕೆನ್ ಗುಂಡಿಯ ಮೇಲೂ. ಅದಕ್ಕೆ ಪೂರ್ತಿ ಕಾರಣ ಇನ್ನೂ ಹುಡುಕಬೇಕು.

ಸರಿ, ಮುಂಜಾವಿನ ದಿನಗಳನ್ನು ಲೆಕ್ಕ ಹಾಕಿ ಹೊಸ ಕಡತ ಇಳಿಸಿದೆ. 40ರಲ್ಲಿ ಉಬ್ಬು ಕಂಡಿತು! ಆದರೆ 18ರಲ್ಲೂ ಉಬ್ಬು. 28ರಲ್ಲೂ. 44ರಲ್ಲೂ. ಎಲ್ಲವೂ ಒಟ್ಟಿಗೆ ಏಳುತ್ತಿವೆ. ಇಷ್ಟು ಚಂದದ ಒಗ್ಗಟ್ಟು ಕಂಡರೆ ಅನುಮಾನ ಪಡಬೇಕು. ಬಿಸಿಲು ಬಿದ್ದಾಗ ಚಂದ್ರನ ನೆಲ ಮಾತ್ರ ಕಾಯುವುದಿಲ್ಲ, ನೌಕೆಯೂ ಕಾಯುತ್ತದೆ. ಕಾದರೆ ಬೆವರುತ್ತದೆ. ನಾನು ನೋಡುತ್ತಿದ್ದ ಉಬ್ಬಿನಲ್ಲಿ ಚಂದ್ರನ ಪಾಲು ಎಷ್ಟು, ನೌಕೆಯ ಬೆವರಿನ ಪಾಲು ಎಷ್ಟು?

ಅಪೋಲೊ-17ರವರಿಗೂ ಇದೇ ಕಷ್ಟ ಆಗಿತ್ತು ಅಂತ ಆಮೇಲೆ ಓದಿದೆ. 1972ರ ಡಿಸೆಂಬರ್‌ನಲ್ಲಿ ಅವರು ಚಂದ್ರನ ನೆಲದ ಮೇಲೇ ಇಂಥ ಒಂದು ತೂಕದ ಜರಡಿ ಇಟ್ಟು ಬಂದರು. ಹಗಲಾದರೆ ಸುತ್ತ ಬಿಟ್ಟುಬಂದ ಸಾಮಾನುಗಳೆಲ್ಲ ಕಾದು ಅನಿಲ ಬಿಡುತ್ತಿದ್ದವು. ಹಗಲಿನ ಅಳತೆ ಬಹುಪಾಲು ಅದರಲ್ಲೇ ಮುಳುಗಿಹೋಯಿತು. ನಂಬುವಂಥದ್ದು ಸಿಕ್ಕಿದ್ದು ರಾತ್ರಿ ಮಾತ್ರ. ಮುಂಜಾವಿಗೆ ಮುಂಚೆ ಆರ್ಗಾನ್ ಏರುವುದನ್ನು ಮೊದಲು ಕಂಡಿದ್ದೂ ಹಾಗೇ.

ಊಟಕ್ಕೆ ಕೂತಾಗ ಅಪ್ಪನಿಗೆ ಈ ಗೋಳು ಹೇಳಿಕೊಂಡೆ. ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು.

"ಹೊಸ ಮಾಲು ಬಂದಾಗ ನಾವ ಮೊದಲ ಮಷೀನ್ ಖಾಲಿ ಓಡ್ಸ್ತಿದ್ವಿ. ಹಿಂದಿನ ಮಾಲಿನ ನುಚ್ಚು, ಧೂಳ ಎಲ್ಲಾ ಬೀಳ್ತದ. ಅದನ್ನ ತೂಗಿ ಇಟ್ಟು, ಆಮ್ಯಾಲ ಹೊಸದು ಹಾಕ್ಬೇಕು. ಇಲ್ಲಂದ್ರ ಸೇಠ್ ನನ್ನ ಮಾಲಿನಾಗ ಇಷ್ಟ್ ಕಸ ಇಲ್ಲಂತ ಜಗಳಕ್ಕ ಬರ್ತಾನ."

ಚಂದ್ರನ ಹತ್ತಿರ ಖಾಲಿ ಓಡಿಸೋದು ಹೇಗೆ? ಯೋಚಿಸಿದರೆ ಅದಕ್ಕೂ ದಾರಿ ಇತ್ತು. ನಡುರಾತ್ರಿಯ ಕಡೆ ಆರ್ಗಾನ್ ನೆಲಕ್ಕೆ ಅಂಟಿಕೊಂಡಿರುತ್ತದೆ. 100 ಕಿಲೋಮೀಟರ್ ಎತ್ತರದಲ್ಲಿ ಆಗ ಅದು ತೀರಾ ಕಮ್ಮಿ. ಅಲ್ಲಿ 40ರಲ್ಲಿ ಕಾಣುವುದು ಬಹುಪಾಲು ನೌಕೆಯದ್ದು, ಉಪಕರಣದ್ದು. ಅದನ್ನು ಖಾಲಿ ಓಟ ಅಂತ ಇಟ್ಟುಕೊಂಡೆ. ಮುಂಜಾವಿನ ದಿನಗಳಲ್ಲಿ ನಡುರಾತ್ರಿ ಸಿಗುವುದಿಲ್ಲ, ಹಾಗಾಗಿ ಬೇರೆ ತಿಂಗಳ ಕಡತದಿಂದ ತರಬೇಕಾಯಿತು. ಆ ಹಳೆಯ, ಬೇಡವಾದ ಕಡತಗಳು ಉಪಯೋಗಕ್ಕೆ ಬಂದವು ಅನ್ನಿ.

ಆದರೂ ಸಾಲದು. ತಣ್ಣಗಿರುವ ನೌಕೆಯ ಬೆವರು, ಕಾದ ನೌಕೆಯ ಬೆವರು ಒಂದೇ ಅಲ್ಲ. ಅದಕ್ಕೆ ಇನ್ನೊಂದು ಉಪಾಯ ಮಾಡಿದೆ. 40ನ್ನು 18ರಿಂದ ಭಾಗಿಸಿದೆ. ಎರಡೂ ನೌಕೆಯಿಂದಲೇ ಬರುತ್ತಿದ್ದರೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯಬೇಕು, ಭಾಗಲಬ್ಧ ಹೆಚ್ಚುಕಮ್ಮಿ ಸಪಾಟಾಗಿ ಬರಬೇಕು. ಎಷ್ಟೋ ಸುತ್ತುಗಳಲ್ಲಿ ಸಪಾಟಾಗಿಯೇ ಬಂತು. ನಿರಾಸೆ. ಕೆಲವು ಸುತ್ತುಗಳಲ್ಲಿ ಮಾತ್ರ ಮುಂಜಾವಿನ ಗಡಿ ಹತ್ತಿರ ಭಾಗಲಬ್ಧ ಸಣ್ಣಗೆ ತಲೆ ಎತ್ತಿತು. ಒಂದರಲ್ಲಿ ಕಂಡರೆ ನಂಬಬೇಡ ಅಂತ ಹದಿನೆಂಟು ಸುತ್ತು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದೆ. ತಲೆ ಎತ್ತಿದ್ದು ಹಾಗೇ ಉಳಿಯಿತು. ಗದ್ದಲ ಕೆಳಗಿಳಿಯಿತು.

ಅದು ಚಂದ್ರನ ಆರ್ಗಾನೇ ಅಂತ ನಾನು ಎದೆ ತಟ್ಟಿ ಹೇಳಲಾರೆ. ತಿರುವನಂತಪುರದವರು ಮಾಡಿದ ಕೆಲಸದ ಮುಂದೆ ನನ್ನದು ಮಕ್ಕಳಾಟ. ಅವರಿಗೆ ಉಪಕರಣದ ಮೈ ಗೊತ್ತು, ನನಗೆ ಅದರ ಅಂಕಿ ಮಾತ್ರ ಗೊತ್ತು. ಆದರೂ ಆ ರಾತ್ರಿ ಮಾಳಿಗೆ ಮೇಲೆ ಹೋಗಿ ಚಂದ್ರನನ್ನು ನೋಡಿದೆ. ಅರ್ಧ ಚಂದ್ರ. ಬೆಳಕು ಕತ್ತಲು ಸೇರುವ ಆ ಗೆರೆಯನ್ನು ಇಷ್ಟು ವರ್ಷ ಸುಮ್ನೆ ಒಂದು ಗೆರೆ ಅಂದುಕೊಂಡಿದ್ದೆ.

2008ರ ಮಕ್ಕಳ ದಿನಾಚರಣೆ ನೆನಪಾಯಿತು. ಚಂದ್ರಯಾನ-1ರಿಂದ ಒಂದು ಪೆಟ್ಟಿಗೆಯನ್ನು ಅವತ್ತು ರಾತ್ರಿ ಚಂದ್ರನ ಮೇಲೆ ಬೀಳಿಸಿದರು. ಅದರ ಮೇಲೆ ನಮ್ಮ ಬಾವುಟ ಇತ್ತು ಅನ್ನೋದಷ್ಟೇ ಟೀವಿಯಲ್ಲಿ ನೋಡಿ ಚಪ್ಪಾಳೆ ಹೊಡೆದಿದ್ದೆ. ಆ ಪೆಟ್ಟಿಗೆಯಲ್ಲಿ ಇದೇ ಚೇಸ್‌ನ ಅಕ್ಕ ಕೂತಿದ್ದಳು, ಮೊದಲನೇ ಚೇಸ್. ಬೀಳುವ ಇಪ್ಪತ್ತೈದು ನಿಮಿಷ ಪೂರ್ತಿ ಅವಳು ತೂಕ ಎಣಿಸುತ್ತ ಬಂದಳು, ನೀರಿನ ಸುಳಿವನ್ನೂ ಕೊಟ್ಟಳು. ನನಗೆ ಅದು ಗೊತ್ತಾಗಿದ್ದು ಹದಿನೇಳು ವರ್ಷ ಆದ ಮೇಲೆ.

ಈಗ ಮೂವರು ಹುಡುಗರು, ಇಬ್ಬರು ಹುಡುಗಿಯರು ಈ ಪ್ರಾಜೆಕ್ಟ್ ಮಾಡುತ್ತಿದ್ದಾರೆ. ಮೊದಲ ದಿನವೇ ಎರಡು ಮಾತು ಹೇಳಿದೆ: ಚೀಟಿ ಓದಿ, ಗಡಿಯಾರ ನೋಡಿ. ಹೋದ ವಾರ ಅವರಲ್ಲೊಬ್ಬ ಸ್ಟಾಫ್‌ರೂಮಿಗೆ ಓಡಿ ಬಂದ. ಸೇಡಂ ಕಡೆ ಹುಡುಗ, ಬಸ್ಸಿಳಿದು ಸೀದಾ ಬಂದಿದ್ದ.

"ಮೇಡಮ್, 20ರಾಗ ಕಂಬ ಸಿಕ್ಕದರಿ. ನಿಯಾನ್ ರೀ!"

ನಿಯಾನ್ ತೂಕ 20, ನಿಜ. ಆದರೆ ಜರಡಿ ನೋಡುವುದು ಬರೀ ತೂಕವನ್ನಲ್ಲ, ತೂಕವನ್ನು ವಿದ್ಯುತ್ ಅಂಶದಿಂದ ಭಾಗಿಸಿದ್ದನ್ನು. ಆರ್ಗಾನ್ 40ಕ್ಕೆ ಎಲೆಕ್ಟ್ರಾನ್ ಜೋರಾಗಿ ಬಡಿದು ಎರಡು ಅಂಶ ಬಂದರೆ ಅದೂ 20ರಲ್ಲೇ ಕೂರುತ್ತದೆ. ನೀರಿನಲ್ಲಿ ಆಮ್ಲಜನಕದ ಭಾರದ ಅಣ್ಣ ಇದ್ದರೆ ಅದೂ 20.

"40 ಎಷ್ಟದ, 18 ಎಷ್ಟದ ನೋಡ್ಕೊಂಡ್ ಬಾ. ಅವೆರಡರ ಪಾಲು ಕಳೆದು ಏನಾರ ಉಳಿದರ ಆಮ್ಯಾಲ ನಿಯಾನ್ ಅನ್ನು," ಅಂದೆ.

ಮುಖ ಸಪ್ಪಗೆ ಮಾಡಿಕೊಂಡು ಹೋದ. ಇನ್ನೂ ವಾಪಸ್ ಬಂದಿಲ್ಲ.